ಮೂವತ್ತೈದನೇ ಪಾಠ ಪುಕ್ಕಟೆ

ಯುಜಿಸಿ 2019ರ ಜನವರಿಯಲ್ಲಿ ಅತಿಥಿ ಅಧ್ಯಾಪಕರ ಗೌರವಧನವನ್ನು ಒಂದು ಪಾಠಕ್ಕೆ 1,500 ರೂಪಾಯಿಗೆ ಏರಿಸಿದಾಗ ಸಂಗೀತದವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಬ್ಬವೋ ಹಬ್ಬ. ಆದೇಶವನ್ನು ಕೊನೆತನಕ ಓದಿದವರು ಕಡಿಮೆ. ತಿಂಗಳಿಗೆ 50,000 ರೂಪಾಯಿ ಮೀರುವಂತಿಲ್ಲ ಎಂಬ ಮಾತೂ ಅದರಲ್ಲೇ ಇತ್ತು. ಭಾಗಿಸಿ ನೋಡಿ: ಮೂವತ್ಮೂರು ಪಾಠಕ್ಕೆ 49,500 ಆಯಿತು, ಮೂವತ್ತನಾಲ್ಕನೆಯದಕ್ಕೆ ಉಳಿದ ಐನೂರು, ಮೂವತ್ತೈದರಿಂದ ಆಚೆ ಸರಸ್ವತಿ ಸೇವೆ.

ಆ ಮಿತಿಯಾದರೂ ಎಷ್ಟು ಜನಕ್ಕೆ ಸಿಕ್ಕೀತು? ನಮ್ಮ ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ 2022ರ ಜನವರಿಯಲ್ಲಿ ಸರ್ಕಾರ ಗೌರವಧನ ಹೆಚ್ಚಿಸಿತು. ಯುಜಿಸಿ ಅರ್ಹತೆಯೂ ಐದು ವರ್ಷದ ಸೇವೆಯೂ ಇದ್ದವರಿಗೆ 32,000 ರೂಪಾಯಿ. ಅದಕ್ಕೆ ಮುಂಚೆ ಇದ್ದದ್ದು 13,000, ಹಾಗಾಗಿ ಏರಿಕೆ ಸಣ್ಣದಲ್ಲ. ಆದರೆ ಅದರ ಜೊತೆಗೇ ವಾರದ ಕಾರ್ಯಭಾರವೂ ಹದಿನೈದು ಗಂಟೆಗೆ ಏರಿತು. ತಿಂಗಳಿಗೆ ಅರವತ್ತು ಗಂಟೆ ಎಂದು ಹಿಡಿದರೆ ಗಂಟೆಗೆ ಐನೂರ ಮೂವತ್ತು ಚಿಲ್ಲರೆ. ಆಮೇಲೆ ಸೇವೆಯ ವರ್ಷ ನೋಡಿ ಇನ್ನೊಂದಿಷ್ಟು ಸೇರಿಸಿದರು. ವಿಶ್ವವಿದ್ಯಾಲಯಗಳದು ಅವರವರದೇ ದರ, ಅವರವರದೇ ಬೊಕ್ಕಸ. ನಾನು ಪಿಟೀಲು ಕಲಿಸಲು ಹೋಗುತ್ತಿದ್ದ ವಿಭಾಗದ ದರ ಈ ಎರಡರ ಮಧ್ಯೆ ಎಲ್ಲೋ ಇತ್ತು, ಕೆಳಗಿನದಕ್ಕೇ ಹತ್ತಿರ.

ಹಣಕಾಸಿನ ಅಂಕಣದಲ್ಲಿ ಇದನ್ನು ಬರೆಯಲು ಕಾರಣವಿದೆ. ಸಂಗೀತ ವಿಭಾಗದಿಂದ ಬರುವ ದುಡ್ಡನ್ನು ನಮ್ಮವರು ಸಂಬಳ ಎಂದು ಲೆಕ್ಕ ಹಾಕುತ್ತಾರೆ. ಆ ಲೆಕ್ಕದ ಮೇಲೆ ಮನೆ ಬಾಡಿಗೆ, ಸ್ಕೂಟರಿನ ಕಂತು, ಚೀಟಿ ಎಲ್ಲ ಹೂಡುತ್ತಾರೆ. ಅದು ಸಂಬಳವಲ್ಲ. ವರ್ಷಕ್ಕೆ ಎರಡೋ ಮೂರೋ ಸಲ, ಹೇಳದೆ ಕೇಳದೆ ಬಂದು ಬೀಳುವ ಗಂಟು. ಗಂಟಿಗೆ ತಕ್ಕ ಖರ್ಚನ್ನು ಅದಕ್ಕೆ ಕಟ್ಟಬೇಕು, ತಿಂಗಳ ಖರ್ಚನ್ನಲ್ಲ. ನನಗೆ ಹೇಳಲಿಕ್ಕಿರುವುದು ಮುಖ್ಯವಾಗಿ ಇಷ್ಟೇ. ಉಳಿದದ್ದು ವಿವರ, ಆದರೆ ದುಡ್ಡಿರುವುದು ವಿವರದಲ್ಲೇ.

ಗೌರವಧನ ಬರುವ ದಾರಿ ಗೊತ್ತಿಲ್ಲದವರಿಗಾಗಿ: ತಿಂಗಳ ಕೊನೆಗೆ ತೆಗೆದುಕೊಂಡ ಪಾಠಗಳ ಪಟ್ಟಿ ಬರೆದು, ಹಾಜರಿ ಪುಸ್ತಕದ ನಕಲು ಲಗತ್ತಿಸಿ ಬಿಲ್ಲು ಕೊಡಬೇಕು. ಅದಕ್ಕೆ ವಿಭಾಗದ ಮುಖ್ಯಸ್ಥರ ಸಹಿ. ಅಲ್ಲಿಂದ ಆಡಳಿತ ಶಾಖೆ, ಅಲ್ಲಿಂದ ಹಣಕಾಸು ಶಾಖೆ. ಆದೇಶ ಪತ್ರದಲ್ಲಿರುವ ಕಾರ್ಯಭಾರಕ್ಕೂ ಬಿಲ್ಲಿನ ಗಂಟೆಗೂ ತಾಳೆಯಾಗದಿದ್ದರೆ ಆಕ್ಷೇಪಣೆ ಹಾಕಿ ಕಡತ ವಾಪಸು. ಮುಖ್ಯಸ್ಥರು ರಜೆಯಲ್ಲಿದ್ದರೆ ಕಾಯಿರಿ. ಅನುದಾನ ಬಿಡುಗಡೆಯಾಗದಿದ್ದರೆ ಇನ್ನೂ ಕಾಯಿರಿ. "ಮೇಡಂ, ನಿಮ್ಮ ಫೈಲು ಮೇಲೆ ಹೋಗಿದೆ" ಎಂಬ ಮಾತನ್ನು ಗುಮಾಸ್ತರು ಬೇಸರವಿಲ್ಲದೆ ಹೇಳುತ್ತಿದ್ದರು. ಅವರ ತಪ್ಪೇನೂ ಇಲ್ಲ, ಅದು ನಿಜವಾಗಿಯೂ ಮೇಲೆಯೇ ಇರುತ್ತಿತ್ತು. ಜುಲೈ ಆಗಸ್ಟಿನ ದುಡ್ಡು ದೀಪಾವಳಿ ಕಳೆದ ಮೇಲೆ ಬಂದರೆ ಆ ವರ್ಷ ಚೆನ್ನಾಗಿದೆ ಎಂದೇ ಅರ್ಥ. ಇನ್ನು ಪರೀಕ್ಷೆ ಮುಗಿದು ಮುಂದಿನ ಸೆಮಿಸ್ಟರಿನ ಆದೇಶ ಬರುವ ತನಕ ಏನೂ ಇಲ್ಲ. ರಜೆಗೆ ದುಡ್ಡಿಲ್ಲ. ಪ್ರತಿ ವರ್ಷ ಹೊಸದಾಗಿ ಅರ್ಜಿ, ಹೊಸದಾಗಿ ದಾಖಲೆ ಪರಿಶೀಲನೆ, ಹೊಸದಾಗಿ ನೇಮಕ.

ಹಾಗಿದ್ದೂ ಆ ಕೆಲಸಕ್ಕೆ ನಮ್ಮವರು ಏಕೆ ಆಸೆಪಡುತ್ತಾರೆ ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಈ ನಾಡಿನ ದೊಡ್ಡ ವಿದ್ವಾಂಸರಲ್ಲಿ ಬರೀ ಕಛೇರಿಯ ಸಂಭಾವನೆಯಲ್ಲಿ ಬದುಕಿದವರು ಬೆರಳೆಣಿಕೆ. ಮೈಸೂರು ವಾಸುದೇವಾಚಾರ್ಯರ ಬೆನ್ನಿಗೆ ಅರಮನೆ ಇತ್ತು. ಅರಮನೆಯ ಕಾಲ ಮುಗಿದ ಮೇಲೆ ಆಕಾಶವಾಣಿ ಬಂತು. ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರೂ ಆರ್.ಕೆ. ಶ್ರೀಕಂಠನ್ ಅವರೂ ಬೆಂಗಳೂರು ಆಕಾಶವಾಣಿಯ ನೌಕರಿ ಮಾಡುತ್ತಲೇ ಕಛೇರಿ ಮಾಡಿದವರು. ಧಾರವಾಡದ ಕಡೆ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗಕ್ಕೆ ಮಲ್ಲಿಕಾರ್ಜುನ ಮನಸೂರರಂಥವರೇ ಮುಖ್ಯಸ್ಥರಾಗಿ ಕೂತಿದ್ದರು. ಕಛೇರಿಯ ಹೊರಗೊಂದು ತಿಂಗಳ ಆಸರೆ ಇದ್ದದ್ದರಿಂದ, ಇಷ್ಟವಿಲ್ಲದ ಕಛೇರಿಗೆ ಆಗುವುದಿಲ್ಲ ಎನ್ನುವ ಧೈರ್ಯ ಆ ಪೀಳಿಗೆಯ ಅನೇಕರಿಗೆ ಇತ್ತು.

ಈಗ ಅರಮನೆಯಿಲ್ಲ. ಆಕಾಶವಾಣಿಯಲ್ಲಿ ನಿಲಯದ ಕಲಾವಿದರ ಹುದ್ದೆಗಳು ಖಾಲಿಯಾದಲ್ಲಿ ಖಾಲಿಯಾಗೇ ಉಳಿಯುತ್ತಿವೆ. ಉಳಿದದ್ದು ವಿಶ್ವವಿದ್ಯಾಲಯ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನಲ್ಲಿ ಸಂಗೀತಕ್ಕೆಂದೇ ಒಂದು ವಿಶ್ವವಿದ್ಯಾಲಯವಾಯಿತು. ಬೇರೆ ವಿಶ್ವವಿದ್ಯಾಲಯಗಳಲ್ಲಿ ಲಲಿತಕಲಾ ಕಾಲೇಜುಗಳಿವೆ, ಪ್ರದರ್ಶಕ ಕಲಾ ವಿಭಾಗಗಳಿವೆ. ಕಾಯಂ ಅಧ್ಯಾಪಕರು ಒಬ್ಬೊಬ್ಬರಾಗಿ ನಿವೃತ್ತರಾದ ಹಾಗೆ ಪಾಠದ ಭಾರ ಅತಿಥಿಗಳ ಮೇಲೆ ಬಿತ್ತು. ನಿಯಮದಲ್ಲಿ ಕಲಾವಿದರಿಗೊಂದು ಕಿಟಕಿ ಇದೆ, ಇಲ್ಲವೆಂದಲ್ಲ. ಯುಜಿಸಿಯ 2018ರ ನಿಯಮಾವಳಿ ಪ್ರಕಾರ ಎನ್‌ಇಟಿ, ಪಿಎಚ್‌ಡಿ ದಾರಿಯಲ್ಲದೆ, ಪದವಿಯ ಜೊತೆಗೆ ಹೆಸರಾಂತ ಗುರುವಿನ ಬಳಿ ಕಲಿತು ಆಕಾಶವಾಣಿಯ 'ಎ' ಗ್ರೇಡ್ ಪಡೆದ ಕಲಾವಿದರೂ ಸಹಾಯಕ ಪ್ರಾಧ್ಯಾಪಕರಾಗಬಹುದು. 2022ರಲ್ಲಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಎಂಬ ಹುದ್ದೆ ಬಂತು: ಹದಿನೈದು ವರ್ಷದ ವೃತ್ತಿ ಅನುಭವ ಇದ್ದರೆ ಡಿಗ್ರಿ ಕೇಳುವುದಿಲ್ಲ, ಆದರೆ ಹೆಚ್ಚೆಂದರೆ ನಾಲ್ಕು ವರ್ಷ. ಕಾಗದದ ಮೇಲೆ ಎಲ್ಲವೂ ಚೆನ್ನ. ಕಾಯಂ ಹುದ್ದೆಗೆ ಅಧಿಸೂಚನೆಯೇ ಹೊರಡದಿದ್ದರೆ ಅರ್ಹತೆಯ ಕಿಟಕಿಯಿಂದ ನುಸುಳಿ ಎಲ್ಲಿಗೆ ಹೋಗುವುದು?

ಗಂಟೆಗೆ ಐನೂರ ಮೂವತ್ತು ಎಂದೆನಲ್ಲ, ಅದೂ ಪೂರ್ತಿ ನಿಮ್ಮದಲ್ಲ. ಕಛೇರಿ ಮಾಡುವವರಿಗೆ ವಿಭಾಗದ ಒಂದು ಗಂಟೆಯ ಬೆಲೆ ಬೇರೆ ಕಡೆ ಕಾಣಿಸುತ್ತದೆ. ನನ್ನದು ಹೆಚ್ಚಿನ ಪಾಲು ಪಕ್ಕವಾದ್ಯ. ಹಾಡುವವರ ದಿನಾಂಕ ಆರು ತಿಂಗಳ ಮುಂಚೆ ಗೊತ್ತಾಗುತ್ತದೆ. ಪಿಟೀಲಿನವರನ್ನು, ಮೃದಂಗದವರನ್ನು ಎಷ್ಟೋ ಸಲ ವಾರದ ಮುಂಚೆ, ಕೆಲವೊಮ್ಮೆ ಹಿಂದಿನ ದಿನ ಕೇಳುತ್ತಾರೆ. "ನಾಳೆ ಸಂಜೆ ಬಿಡುವಿದ್ದೀರಾ ಮೇಡಂ?" ಎಂದವರಿಗೆ ಎರಡು ಸಲ ಇಲ್ಲ ಎಂದರೆ ಮೂರನೇ ಸಲ ಫೋನು ಬರುವುದಿಲ್ಲ. ತಪ್ಪಿದ್ದು ಒಂದು ಕಛೇರಿಯ ಸಂಭಾವನೆ ಮಾತ್ರವಲ್ಲ, ಕಾರ್ಯದರ್ಶಿಯ ಪಟ್ಟಿಯಲ್ಲಿದ್ದ ಹೆಸರು. ಅದರ ನಷ್ಟ ಯಾವ ಬಿಲ್ಲಿನಲ್ಲೂ ಕಾಣದು.

ಸೆಮಿಸ್ಟರಿಗೂ ಸಂಗೀತದ ಋತುಮಾನಕ್ಕೂ ಹಳೆಯ ಹಗೆತನ. ನವರಾತ್ರಿಯ ಹೊತ್ತಿಗೆ ಇಂಟರ್ನಲ್ಸ್. ಚೆನ್ನೈಯ ಡಿಸೆಂಬರ್ ಸೀಸನ್ ಬಂದಾಗ ಪ್ರಾಯೋಗಿಕ ಪರೀಕ್ಷೆ. ರಾಮನವಮಿಗೆ ಬೆಂಗಳೂರಿನ ಚಾಮರಾಜಪೇಟೆಯಿಂದ ಹಿಡಿದು ಊರೂರಿನ ಚಪ್ಪರದವರೆಗೆ ವಾದ್ಯದವರಿಗೆ ಪುರುಸೊತ್ತಿಲ್ಲದ ತಿಂಗಳಲ್ಲಿ ಸಮ ಸೆಮಿಸ್ಟರಿನ ಪಾಠ ಭರದಿಂದ ನಡೆಯುತ್ತಿರುತ್ತದೆ. ಕಛೇರಿ ಇಲ್ಲದ ಆಷಾಢದಲ್ಲಿ ಮಾತ್ರ ಪಾಠದ ಆದೇಶವೂ ಬಂದಿರುವುದಿಲ್ಲ! ಅದಕ್ಕೇ ಎಷ್ಟು ಗಂಟೆ ಕೊಡುತ್ತಾರೆ ಎಂಬುದಕ್ಕಿಂತ ಯಾವ ದಿನ ಕೊಡುತ್ತಾರೆ ಎಂಬುದರ ಮೇಲೆ ನಾನು ಹಟ ಹಿಡಿದೆ. ಮಂಗಳವಾರ, ಬುಧವಾರ ಒಟ್ಟಿಗೆ. ಸೋಮವಾರ ಬೇಡ, ಭಾನುವಾರ ರಾತ್ರಿ ಹೊರ ಊರಿನಿಂದ ಬಸ್ಸು ಹಿಡಿದು ಬಂದ ಕೈಗೆ ಬೆಳಿಗ್ಗೆ ಒಂಬತ್ತಕ್ಕೆ ಕಮಾನು ನಿಲ್ಲುವುದಿಲ್ಲ. ಐದು ದಿನಕ್ಕೆ ಹರಡಿದ ಹದಿನೈದು ಗಂಟೆಗಿಂತ ಎರಡು ದಿನದ ಎಂಟು ಗಂಟೆ ಲಾಭ. ಇದನ್ನು ಕೇಳಿದರೆ ಕೊಡುತ್ತಾರೆ. ವೇಳಾಪಟ್ಟಿ ಬರೆಯುವವರೂ ಮನುಷ್ಯರೇ, ಪಿಟೀಲಿನ ಮೇಷ್ಟ್ರು ಸುಲಭಕ್ಕೆ ಸಿಗುವುದಿಲ್ಲ ಎಂಬುದು ಅವರಿಗೂ ಗೊತ್ತು.

ಈಗ ಗಂಟಿನ ವಿಚಾರ. ನಮ್ಮ ಮನೆಯ ತಿಂಗಳ ಖರ್ಚು ನಡೆಯುವುದು ಮನೆಪಾಠದಿಂದ. ಬೆಳಿಗ್ಗೆ ಆರೂವರೆಗೆ ಫೋನಿನ ಆಚೆ ನ್ಯೂಜೆರ್ಸಿಯ ಹುಡುಗಿ, ಅಲ್ಲಿ ಆಗ ಹಿಂದಿನ ದಿನದ ರಾತ್ರಿ. ಸಂಜೆ ನಮ್ಮ ಬೀದಿಯ ಮಕ್ಕಳು. ಇದು ತಿಂಗಳು ತಿಂಗಳು ಬರುವ ದುಡ್ಡು, ಅದಕ್ಕೇ ತಿಂಗಳ ಖರ್ಚು ಇದರ ಮೇಲೆ. ಕಛೇರಿಯ ಸಂಭಾವನೆ ಬೇರೆ ಖಾತೆಗೆ ಹೋಗುತ್ತದೆ. ಮನೆಪಾಠ ಸೊರಗುವ ಪರೀಕ್ಷೆಯ ತಿಂಗಳುಗಳಲ್ಲಿ ಅಲ್ಲಿಂದ ತೆಗೆಯುತ್ತೇವೆ. ವಿಭಾಗದ ಗೌರವಧನ ಬಂದದ್ದು ಬಂದ ಹಾಗೆ ವರ್ಷಕ್ಕೊಮ್ಮೆ ಬೀಳುವ ಬಾಬತ್ತುಗಳಿಗೆ. ಮೊದಲನೆಯದು ಆರೋಗ್ಯ ವಿಮೆಯ ಕಂತು. ಅತಿಥಿಗಳಿಗೆ ವಿಶ್ವವಿದ್ಯಾಲಯದ ವೈದ್ಯಕೀಯ ಸೌಲಭ್ಯ ಇಲ್ಲ, ನಮ್ಮ ವಿಮೆ ನಾವೇ ಮಾಡಿಸಬೇಕು. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದದ್ದು ನಮ್ಮಂಥವರಿಗೆ ಆದ ನಿಜವಾದ ಉಪಕಾರ. ಅದರ ಜೊತೆಗೆ ಅಪಘಾತ ವಿಮೆ. ಇದನ್ನು ವಾದ್ಯದವರು ಕಡೆಗಣಿಸುತ್ತಾರೆ. ಮಣಿಕಟ್ಟು ಮುರಿದರೆ ಗುಮಾಸ್ತರಿಗೆ ರಜೆ ಸಿಗುತ್ತದೆ, ಪಿಟೀಲಿನವರ ಗಳಿಕೆಯೇ ನಿಲ್ಲುತ್ತದೆ. ಕೈಕಟ್ಟಿ ಕೂತಿರುವಷ್ಟು ವಾರಗಳಿಗೆ ವಾರದ ಲೆಕ್ಕದಲ್ಲಿ ಪರಿಹಾರ ಕೊಡುವ ಪಾಲಿಸಿಗಳಿವೆ. ಮಾಡಿಸುವಾಗ 'ತಾತ್ಕಾಲಿಕ ಪೂರ್ಣ ಅಂಗವೈಕಲ್ಯ' ಸೇರಿದೆಯೇ ಎಂದು ಬಾಯಿಬಿಟ್ಟು ಕೇಳಿ.

ಎರಡನೆಯದು ವೃದ್ಧಾಪ್ಯ. ಇಷ್ಟು ವರ್ಷ ಪಾಠ ಹೇಳಿದರೂ ನನ್ನ ಹೆಸರಿನಲ್ಲಿ ವಿಶ್ವವಿದ್ಯಾಲಯ ಒಂದು ರೂಪಾಯಿ ಪಿಎಫ್ ಕಟ್ಟಿಲ್ಲ. 58 ದಾಟಿದ ಕಷ್ಟದಲ್ಲಿರುವ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನ ಇದೆ. ಅದು ಔಷಧಿಗೆ ಸಾಕಾದರೆ ಹೆಚ್ಚು. ಆದ್ದರಿಂದ ಪಿಪಿಎಫ್ ಮತ್ತು ಎನ್‌ಪಿಎಸ್. ಇವೆರಡಕ್ಕೂ ತಿಂಗಳು ತಿಂಗಳು ಕಟ್ಟಲೇಬೇಕೆಂಬ ನಿಯಮವಿಲ್ಲ. ಗಂಟು ಬಂದ ದಿನ ಕಟ್ಟಿದರಾಯಿತು. ಪಿಪಿಎಫ್‌ಗೆ ವರ್ಷಕ್ಕೆ ಕನಿಷ್ಠ 500, ಗರಿಷ್ಠ ಒಂದೂವರೆ ಲಕ್ಷ, ಎನ್‌ಪಿಎಸ್‌ಗೆ ವರ್ಷಕ್ಕೆ ಕನಿಷ್ಠ 1,000. ಪಿಪಿಎಫ್ ಬಡ್ಡಿ 2020ರ ಏಪ್ರಿಲ್‌ನಲ್ಲಿ ಶೇ 7.1ಕ್ಕೆ ಇಳಿದು ವರ್ಷಗಟ್ಟಲೆ ಅಲ್ಲೇ ನಿಂತಿತು. ತಿಂಗಳ 5ನೇ ತಾರೀಕಿನೊಳಗೆ ಕಟ್ಟಿದರೆ ಆ ತಿಂಗಳ ಬಡ್ಡಿಯೂ ಸಿಗುತ್ತದೆ. ನಮ್ಮ ದುಡ್ಡು ಬರುವ ದಿನ ನಮ್ಮ ಕೈಯಲ್ಲಿಲ್ಲ, ಕಟ್ಟುವ ದಿನವಾದರೂ ಇರಲಿ. ಇವೆಲ್ಲ ಆಗಿ ಉಳಿದರೆ ಕಮಾನಿಗೆ ಹೊಸ ಕೂದಲು, ತಂತಿ, ಪೆಟ್ಟಿಗೆ.

ಈ ಪದ್ಧತಿಯ ಬೆಲೆ ನನಗೆ ತಿಳಿದದ್ದು 2020ರಲ್ಲಿ. ಆ ಯುಗಾದಿಯ ದಿನವೇ, ಮಾರ್ಚ್ 25ಕ್ಕೆ ಲಾಕ್‌ಡೌನ್ ಆರಂಭ. ಏಪ್ರಿಲ್ 2ಕ್ಕೆ ರಾಮನವಮಿ. ಇಡೀ ಸೀಸನ್ನಿನ ಕಛೇರಿಗಳು ಒಂದೇ ವಾರದಲ್ಲಿ ರದ್ದಾದವು. ವಿಭಾಗದ ಬಿಲ್ಲು ಇದ್ದಲ್ಲೇ ಇತ್ತು. ಮನೆಪಾಠ ಮಾತ್ರ ಫೋನಿಗೆ ಏರಿ ಕೂತಿತು, ಮನೆ ನಡೆಯಿತು. ನನ್ನ ಜೊತೆ ಪಾಠ ಹೇಳುತ್ತಿದ್ದ ಮೃದಂಗದ ಹುಡುಗನೊಬ್ಬನ ಮನೆ ಬಾಡಿಗೆ ವಿಭಾಗದ ದುಡ್ಡಿನ ಮೇಲೆ ನಿಂತಿತ್ತು. "ಅಕ್ಕ, ಬಿಲ್ಲಿನ ವಿಷಯ ಏನಾದ್ರೂ ಗೊತ್ತಾಯ್ತಾ?" ಎಂದು ಆ ಬೇಸಿಗೆಯಿಡೀ ಕೇಳುತ್ತಿದ್ದ. ಕೊನೆಗೆ ಊರಿಗೆ ಹೋಗಿ ಅಪ್ಪನ ಅಂಗಡಿಯಲ್ಲಿ ಕೂತ. ಈಗ ನುಡಿಸುವುದು ವಾರಾಂತ್ಯದಲ್ಲಿ ಮಾತ್ರ.

ತೆರಿಗೆಯ ವಿಷಯಕ್ಕೆ ನಮ್ಮವರು ಹೆದರುವಷ್ಟು ಹೆದರಬೇಕಾಗಿಲ್ಲ. ಆದರೆ ಬಿಟ್ಟುಬಿಟ್ಟರೆ ನಷ್ಟ ನಮಗೇ. ಅನೇಕ ವಿಶ್ವವಿದ್ಯಾಲಯಗಳು ಅತಿಥಿಗಳ ಗೌರವಧನದಲ್ಲಿ ಶೇ 10ರಷ್ಟನ್ನು ವೃತ್ತಿ ಶುಲ್ಕದ ಮೇಲಿನ ಟಿಡಿಎಸ್ ಎಂದು ಮುರಿದುಕೊಳ್ಳುತ್ತವೆ. ನಾವೆಲ್ಲ 194ಜೆ ಎಂದೇ ಕರೆದು ಅಭ್ಯಾಸವಾಗಿರುವ ನಿಯಮ ಅದು. ವರ್ಷಕ್ಕೆ 30,000 ಇದ್ದ ಅದರ ಮಿತಿ 2025ರ ಏಪ್ರಿಲ್‌ನಿಂದ 50,000 ಆಯಿತು. ಹೊಸ ಪದ್ಧತಿಯಲ್ಲಿ 2025–26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ನಮ್ಮಲ್ಲಿ ಬಹುಪಾಲು ಜನರಿಗೆ ತೆರಿಗೆಯೇ ಬರುವುದಿಲ್ಲ. ಅಂದರೆ ಮುರಿದುಕೊಂಡ ಹತ್ತು ಪರ್ಸೆಂಟು ಪೂರ್ತಿ ನಮ್ಮದೇ. ರಿಟರ್ನ್ ಹಾಕಿದವರಿಗೆ ವಾಪಸು ಬರುತ್ತದೆ, ಹಾಕದವರದು ಸರ್ಕಾರದಲ್ಲೇ ಉಳಿಯುತ್ತದೆ. "ನಮಗೆಲ್ಲಿಯ ಟ್ಯಾಕ್ಸು ಬಿಡಿ" ಎಂದು ಕೈಬೀಸುವ ವಿದ್ವಾಂಸರು ಪ್ರತಿ ವರ್ಷ ಒಂದು ತಿಂಗಳ ಗೌರವಧನವನ್ನು ಹೀಗೆ ಬಿಟ್ಟುಕೊಡುತ್ತಿದ್ದಾರೆ.

ಹೀಗೆ ಮುರಿದುಕೊಂಡಲ್ಲಿ ನಮಗೆ ಸಿಗುವುದು ಫಾರಂ 16 ಅಲ್ಲ, 16ಎ. ಆದ್ದರಿಂದ ಸಂಬಳದಾರರ ಸರಳ ಐಟಿಆರ್-1 ನಮಗೆ ನಡೆಯದು. ಇದರಲ್ಲೊಂದು ಅನುಕೂಲವೂ ಇದೆ. ಹೊಸ ಪದ್ಧತಿಯಲ್ಲಿ 80ಸಿ ಇಲ್ಲದಿದ್ದರೂ ವೃತ್ತಿಯ ಖರ್ಚನ್ನು ಆದಾಯದಿಂದ ಕಳೆಯಬಹುದು: ತಂತಿ, ವಾದ್ಯದ ದುರಸ್ತಿ, ಕಛೇರಿಯ ಪ್ರಯಾಣ, ನಮ್ಮ ಕಛೇರಿಯಲ್ಲಿ ಪಕ್ಕವಾದ್ಯದವರಿಗೆ ಕೊಟ್ಟದ್ದು. ರಸೀದಿ ಇರಬೇಕು. ವಾದ್ಯ ರಿಪೇರಿಯವರ ಬಳಿ ಚೀಟಿ ಕೇಳಲು ನಾಚಿಕೆ ಬೇಡ. ಅರ್ಧದಷ್ಟನ್ನೇ ಆದಾಯವೆಂದು ತೋರಿಸುವ 44ಎಡಿಎ ಸೌಲಭ್ಯ ನಮಗೂ ಉಂಟೆಂದು ಕೆಲವರು ಹೇಳುತ್ತಾರೆ. ಅದರ ವೃತ್ತಿಗಳ ಪಟ್ಟಿಯಲ್ಲಿ ಸಿನಿಮಾ ಗಾಯಕರು, ಸಂಗೀತ ನಿರ್ದೇಶಕರು ಹೆಸರು ಹಿಡಿದೇ ಇದ್ದಾರೆ. ಸಭೆಯಲ್ಲಿ ಹಾಡುವವರ, ಪಾಠ ಹೇಳುವವರ ಹೆಸರಿಲ್ಲ. ನಿಮ್ಮ ಆಡಿಟರನ್ನು ಕೇಳದೆ ಆ ಕಾಲಂ ತುಂಬಬೇಡಿ. ಕಛೇರಿಗೆ ಜಿಎಸ್‌ಟಿ ಭಯ ಇದ್ದವರಿಗೆ: ಶಾಸ್ತ್ರೀಯ, ಜಾನಪದ ಸಂಗೀತ, ನೃತ್ಯ, ನಾಟಕದ ಪ್ರದರ್ಶನಕ್ಕೆ ಒಂದೂವರೆ ಲಕ್ಷದವರೆಗಿನ ಸಂಭಾವನೆಗೆ ವಿನಾಯಿತಿ ಇದೆ. ನಮ್ಮಂಥ ಪಕ್ಕವಾದ್ಯದವರು ಆ ಮಿತಿಯ ಬಗ್ಗೆ ತಲೆಕೆಡಿಸಿಕೊಳ್ಳುವ ದಿನ ಬಂದರೆ ಸಿಹಿ ಹಂಚೋಣ.

ರಿಟರ್ನ್ ಹಾಕುವುದಕ್ಕೆ ಇನ್ನೊಂದು ಕಾರಣ ಬ್ಯಾಂಕು. ಗೃಹಸಾಲಕ್ಕೆ ಹೋದರೆ ಅತಿಥಿಯ ಆದೇಶ ಪತ್ರವನ್ನು ಅವರು ಸಂಬಳದ ದಾಖಲೆ ಎಂದು ಒಪ್ಪುವುದು ಕಷ್ಟ. ಎರಡು ಮೂರು ವರ್ಷದ ರಿಟರ್ನ್ ಕೇಳುತ್ತಾರೆ. ಆಗ ಓಡಾಡಿದರೆ ಹಳೆಯ ವರ್ಷಗಳು ವಾಪಸು ಬರುವುದಿಲ್ಲ.

ದುಡ್ಡಿನ ಲೆಕ್ಕದಲ್ಲೇ ಬರುವ ಎರಡು ಕಿರಿಕಿರಿಗಳು. ವಿಶ್ವವಿದ್ಯಾಲಯದಲ್ಲಿ ಯಾವ ಸಮಾರಂಭವಿರಲಿ, ಪ್ರಾರ್ಥನೆಗೆ ಸಂಗೀತ ವಿಭಾಗ. ಮಣ್ಣು ವಿಜ್ಞಾನದ ವಿಚಾರ ಸಂಕಿರಣಕ್ಕೂ ನಾವೇ, ಕುಲಪತಿಗಳ ಬೀಳ್ಕೊಡುಗೆಗೂ ನಾವೇ. ನಾಡಗೀತೆಯನ್ನು 2022ರಲ್ಲಿ ಸರ್ಕಾರ ಎರಡೂವರೆ ನಿಮಿಷಕ್ಕೆ ನಿಗದಿ ಮಾಡಿತು. ಅದನ್ನು ಹಾಡಿಸಲು ಮಕ್ಕಳನ್ನು ಸೇರಿಸಿ, ಶ್ರುತಿ ಕೂಡಿಸಿ, ಗಣ್ಯರು ಬರುವ ತನಕ ಕಾಯುವುದಕ್ಕೆ ಅರ್ಧ ದಿನ. ಬಿಲ್ಲಿನಲ್ಲಿ ಅದಕ್ಕೆ ಕಾಲಂ ಇಲ್ಲ. ತಿಂಗಳಿಗೊಂದಕ್ಕೆ ಖುಷಿಯಿಂದ ಹೋಗುತ್ತಿದ್ದೆ, ಎರಡನೆಯದಕ್ಕೆ ಕಾಯಂ ಅಧ್ಯಾಪಕರ ಹೆಸರು ಹೇಳುತ್ತಿದ್ದೆ.

ಇನ್ನೊಂದು ಸೂಕ್ಷ್ಮದ್ದು. ವಿಭಾಗದ ಮಕ್ಕಳು ಪರೀಕ್ಷೆ ಹತ್ತಿರ ಬಂದಾಗ ಮನೆಗೆ ಪಾಠಕ್ಕೆ ಬರುತ್ತೇವೆ ಎನ್ನುತ್ತಾರೆ, ಫೀಸೂ ಕೊಡಲು ಬರುತ್ತಾರೆ. ತೆಗೆದುಕೊಳ್ಳುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಅಂಕ ಕೊಡುವ ಕೈಯೇ ಫೀಸನ್ನೂ ತೆಗೆದುಕೊಳ್ಳಬಾರದು. ಕಲಿಸಲೇಬೇಕೆನಿಸಿದ ಒಂದಿಬ್ಬರಿಗೆ ಪುಕ್ಕಟೆ ಹೇಳಿಕೊಟ್ಟದ್ದುಂಟು, ಅವರಲ್ಲೊಬ್ಬಳು ಈಗ ನನ್ನ ಬದಲಿಗೆ ಕಛೇರಿಗೆ ಹೋಗುವಷ್ಟಾಗಿದ್ದಾಳೆ. ನನಗೆ ಜ್ವರ ಬಂದ ದಿನ ಸಭೆಯವರಿಗೆ ಒಂದು ಹೆಸರು ಕೊಡಲು ಸಾಧ್ಯವಾಗುವುದು ಸಣ್ಣ ಲಾಭವಲ್ಲ.

ಹಾಗಾದರೆ ಯಾರು ಹೋಗಬೇಕು? ಇಪ್ಪತ್ತೈದು ಮೂವತ್ತರ ಒಳಗಿನವರು, ಇನ್ನೂ 'ಎ' ಗ್ರೇಡ್ ಆಗದವರು, ಹೋಗಲಿ. ಲಕ್ಷಣ ಗ್ರಂಥ ಓದಿಸುತ್ತಾ ತಾವೂ ಓದುತ್ತಾರೆ, ಎನ್‌ಇಟಿ ಕಟ್ಟಲು ಹುರುಪು ಬರುತ್ತದೆ. ಮೃದಂಗ, ತಬಲಾದವರು ಖಂಡಿತ ಹೋಗಬಹುದು, ಅವರಿಗೆ ಹಗಲು ಬಿಡುವು. ಕಛೇರಿ ಕುದುರಿರುವ ಮೂವತ್ತೈದು ನಲವತ್ತರ ಗಾಯಕರು ಹದಿನೈದು ಗಂಟೆಯ ಆದೇಶಕ್ಕೆ ಸಹಿ ಹಾಕುವುದು ನನ್ನ ದೃಷ್ಟಿಯಲ್ಲಿ ನಷ್ಟದ ವ್ಯಾಪಾರ. ದಿನಕ್ಕೆ ನಾಲ್ಕು ಗಂಟೆ ಹತ್ತಾರು ಮಕ್ಕಳಿಗೆ ಹಾಡಿ ತೋರಿಸಿದ ಗಂಟಲು ಸಂಜೆ ಸಾಧನೆಗೆ ಒದಗದು. ಕಾಯಂ ಆಗುತ್ತದೆ ಎಂಬ ಒಂದೇ ಆಸೆಯಲ್ಲಿ ಹತ್ತು ವರ್ಷ ಕಾಯುವವರಿಗೆ ನಾನು ಏನು ಹೇಳಿದರೂ ನಾಟುವುದಿಲ್ಲ, ಅವರ ಮನೆಯವರಿಗಾದರೂ ಈ ಅಂಕಣ ಓದಿಸಿ.

ಈಗಾಗಲೇ ಒಳಗಿರುವವರು ಒಂದು ಕೆಲಸ ಮಾಡಿ. ಪ್ರತಿ ಸೆಮಿಸ್ಟರಿನ ಆದೇಶ ಪತ್ರ, ಬಿಲ್ಲಿನ ನಕಲು, 16ಎ ಮೂರನ್ನೂ ಒಂದು ಕಡತದಲ್ಲಿಡಿ. ವರ್ಷ ಮುಗಿದ ಕೂಡಲೇ ಮುಖ್ಯಸ್ಥರಿಂದ ಸೇವಾ ಪ್ರಮಾಣಪತ್ರ ಬರೆಸಿಕೊಳ್ಳಿ. ಮುಂದಿನ ಆಯ್ಕೆಯಲ್ಲಿ ಸೇವೆಯ ವರ್ಷಕ್ಕೆ ಅಂಕ ಬೀಳುವುದು ಆ ಕಾಗದ ಇದ್ದರೆ ಮಾತ್ರ. ಮುಖ್ಯಸ್ಥರು ಬದಲಾದ ಮೇಲೆ, ಹಾಜರಿ ಪುಸ್ತಕ ರದ್ದಿಗೆ ಹೋದ ಮೇಲೆ, ನೀವು ಅಲ್ಲಿ ಪಾಠ ಹೇಳಿದ್ದಿರಿ ಎಂದು ಬರೆದುಕೊಡಲು ಯಾರೂ ಇರುವುದಿಲ್ಲ.